ತಗಡಿನ ಮನೆ ಎಲ್ಲಿ ಹೋಯಿತು?

ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಸದ್ದಾಯಿತು. ‘ನಾಳೆ ಹತ್ತು ಗಂಟೆಗೆ ನಾಲ್ಕು ವ್ಯೂ ಬೇಕೇ ಬೇಕು. ಬ್ರೋಷರ್ ಪ್ರಿಂಟಿಗೆ ಹೋಗಬೇಕು.’ ಹುಬ್ಬಳ್ಳಿಯ ಹೊರವಲಯದಲ್ಲಿ ಸಂಕ್ರಾಂತಿಗೆ ಬುಕಿಂಗ್ ಶುರುವಾಗಲಿದ್ದ ಅಪಾರ್ಟ್‌ಮೆಂಟ್ ಅದು. ಇನ್ನೂ ಪಾಯ ತೋಡಿರಲಿಲ್ಲ. ಕಟ್ಟಿ ಮುಗಿದಂತೆ ಕಾಣುವ ಚಿತ್ರ ಮಾಡಿಕೊಡುವುದು ನನ್ನ ಕೆಲಸ.

ಹಗಲು ನಾನು ಸಂಶೋಧನಾ ವಿದ್ಯಾರ್ಥಿ. ಶಿಗ್ಗಾವಿ, ಸವಣೂರು, ಹಾನಗಲ್ಲಿನ ಹಳ್ಳಿಗಳ ಮಣ್ಣಿನ ಮನೆಗಳನ್ನು ಅಳೆದು, ಪಡಸಾಲೆ, ಬೆಳಕಿಂಡಿ, ಹಗೇವುಗಳ ನಕ್ಷೆ ಬರೆಯುತ್ತೇನೆ. ಫೆಲೋಶಿಪ್ ತಿಂಗಳುಗಟ್ಟಲೆ ಬಾರದೇ ಹೋದಾಗ ಈ ರಾತ್ರಿ ಕೆಲಸ ಹಿಡಿದೆ. ದುಂಡಸಿಗೆ ಬಂದರೂ ಬಿಡುವಿಲ್ಲ.

ಗೋಡೆಗೆ ಬಣ್ಣ, ಗಾಜಿಗೆ ಹೊಳಪು ಕೊಟ್ಟು ಸೂರ್ಯನನ್ನು ಕೂರಿಸಿದರೆ, ಬೆಳಕು ಎಲ್ಲಿ ಬಡಿದು ಎಲ್ಲಿಗೆ ಹಾರುತ್ತದೆಂದು ಲೆಕ್ಕ ಹಾಕುತ್ತ ಕಂಪ್ಯೂಟರ್ ಚಿತ್ರವನ್ನು ರೆಂಡರ್ ಮಾಡುತ್ತದೆ. ನನ್ನ ಲ್ಯಾಪ್‌ಟಾಪಿಗೆ ಒಂದು ಚಿತ್ರಕ್ಕೆ ಮುಕ್ಕಾಲು ಗಂಟೆ. ಒಂದು ಗಿಡ ಸರಿಸಿದರೂ ಮತ್ತೆ ಮೊದಲಿನಿಂದ. ನಡುವೆ ಕರೆಂಟ್ ಹೋದರೆ ಬ್ಯಾಟರಿ ಅಷ್ಟು ಹೊತ್ತು ತಾಳುವುದಿಲ್ಲ.

ಮೊದಲ ತಿದ್ದುಪಡಿ: ‘ಮುಂಭಾಗಕ್ಕೆ ಸಂಜೆ ಬಿಸಿಲು ಬೀಳಲಿ.’ ಕಟ್ಟಡದ ಮುಖ ಉತ್ತರಕ್ಕಿದೆ. ನಮ್ಮದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶ. ಈ ದಿನಗಳಲ್ಲಿ ಸೂರ್ಯ ಹುಟ್ಟಿನಿಂದ ಮುಳುಗುವವರೆಗೂ ದಕ್ಷಿಣಕ್ಕೇ ವಾಲಿರುತ್ತಾನೆ. ಉತ್ತರದ ಗೋಡೆಗೆ ನೇರ ಬಿಸಿಲಿಲ್ಲ. ಹಾಗೆಂದು ಹೇಳಿದೆ. ‘ಯಾರ್ ನೋಡ್ತಾರ್ರೀ, ತಿರುಗಿಸ್ರಿ’ ಅಂದರು. ಸೂರ್ಯನನ್ನೇ ತಿರುಗಿಸಿದೆ. ನಗು ಬಂತು.

ಎರಡನೆಯದಕ್ಕೆ ಬರಲಿಲ್ಲ. ಅವರು ಕಳಿಸಿದ್ದ ಸೈಟಿನ ಫೋಟೋದಲ್ಲಿ ಪಕ್ಕಕ್ಕೊಂದು ತಗಡಿನ ಮನೆ, ಬೇವಿನ ಮರ, ಹಗ್ಗದ ಮೇಲೆ ಬಟ್ಟೆ. ಕ್ಷೇತ್ರಕಾರ್ಯದ ಚಾಳಿಯಿಂದ ಅವನ್ನೂ ಮಾಡೆಲ್‌ನಲ್ಲಿ ಸೇರಿಸಿದ್ದೆ. ‘ಅದನ್ನ ತೆಗೀರಿ, ಲಾನ್ ಹಾಕ್ರಿ.’ ತೆಗೆದೆ. ವಾದಿಸಲು ಸಮಯವಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಯವಿದ್ದರೂ ವಾದಿಸುತ್ತಿರಲಿಲ್ಲ; ಹಣ ಬೇಕಿತ್ತು.

ಬೆಳಗಿನ ಜಾವ ಅವ್ವ ಚಹಾ ತಂದಳು. ಹಳೆಯದು, ಹೊಸದು ಎರಡೂ ಚಿತ್ರ ಪರದೆಯ ಮೇಲಿದ್ದವು.

‘ಇಲ್ಲೆ ತಗಡಿನ ಮನಿ ಇತ್ತಲ್ಲೋ, ಅವ್ರೆಲ್ಲಿ ಹೋದ್ರು?’

‘ತಗದೇನಿ ಬೇ. ಚಿತ್ರದಾಗಷ್ಟ.’

‘ಚಿತ್ರದಾಗಷ್ಟ ಹೌದಿಲ್ಲೋ?’ ಎಂದು ಒಂದು ಗಳಿಗೆ ನಿಂತು ಒಳಗೆ ಹೋದಳು.

2019ರ ಆಗಸ್ಟ್ ಮಳೆಗೆ ನಮ್ಮ ಮನೆಯ ಹಿಂದಿನ ಮಣ್ಣಿನ ಗೋಡೆ ಕುಸಿಯಿತು. ಅಂದಿನಿಂದ ಅಡುಗೆಮನೆಗೆ ತಗಡೇ ಹೊದಿಕೆ. ಬಿಸಿಲೇರಿದಂತೆ ಅದು ಚಟ್ ಚಟ್ ಎನ್ನತೊಡಗಿತು.

ಹತ್ತಕ್ಕೆ ಚಿತ್ರಗಳನ್ನು ಕಳಿಸಿದೆ. ‘ಸೂಪರ್’ ಎಂದರು, ಸಂಜೆಗೆ ಹಣವೂ ಬಂತು. ಆಮೇಲೆ ಪಿಎಚ್‌.ಡಿ. ಫೋಲ್ಡರ್ ತೆರೆದೆ. ನಾನು ಅಳೆದ ಎಷ್ಟೋ ಮಣ್ಣಿನ ಮನೆಗಳಿಗೆ ಒಂದಲ್ಲ ಒಂದು ಕಡೆ ತಗಡು ಸೇರಿತ್ತು. ನಕ್ಷೆಯಲ್ಲಿ ಮಾತ್ರ ಎಲ್ಲೂ ಇರಲಿಲ್ಲ. ‘ಮೂಲ ರೂಪ’ ಎಂದು ಹೆಸರಿಟ್ಟು ನಾನೇ ಬಿಟ್ಟಿದ್ದೆ. ಆ ಕೆಲಸಕ್ಕೆ ಯಾರೂ ಬೆಳಗಿನ ಗಡುವು ಕೊಟ್ಟಿರಲಿಲ್ಲ.

ಈಗ ಒಂದೊಂದಾಗಿ ಸೇರಿಸುತ್ತಿದ್ದೇನೆ. ನಮ್ಮ ಅಡುಗೆಮನೆಯಿಂದಲೇ ಶುರು ಮಾಡಿದ್ದೇನೆ.