ಅಲ್ಲೂ ಮಳೆನಾ ಮಾಮ?

ಮೊನ್ನೆ ರಾತ್ರಿ ಬೆಂಗಳೂರಿನಲ್ಲಿ ಜೋರು ಮಳೆ. ಆಫೀಸ್ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಅಕ್ಕನ ಮಗನ ಫೋನು. "ಮಾಮ, ಅಲ್ಲೂ ಮಳೆನಾ?" ಅಷ್ಟೇ ಕೇಳಿದ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ಮಡಿಕೇರಿ ಹತ್ತಿರವಿದ್ದ ಅಕ್ಕನ ಮನೆಯೂ ಮಣ್ಣಿನಡಿ ಹೋಯಿತು. ಜನ ಉಳಿದರಲ್ಲ, ಅದೇ ಪುಣ್ಯ ಅಂದುಕೊಂಡೆವು. ಮೈಸೂರಿನ ನಮ್ಮ ಮನೆಗೇ ಬಂದರು. ಇವನಿಗಾಗ ಎಂಟು ವರ್ಷ. ನಾನು ಇಂಜಿನಿಯರಿಂಗ್ ಓದುತ್ತಿದ್ದೆ.

ಹುಡುಗ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ. ದಿಂಬಿನ ಪಕ್ಕ ಟಾರ್ಚು, ಚಪ್ಪಲಿ ತುಂಬಿದ ಸ್ಕೂಲ್ ಬ್ಯಾಗು. ಹಗಲೆಲ್ಲಾ ನನ್ನ ಪುಸ್ತಕ ಜೋಡಿಸಿ ಮನೆ ಕಟ್ಟೋದು, ಬೀಳಿಸೋದು, ಮತ್ತೆ ಕಟ್ಟೋದು. "ಅಪಶಕುನದ ಆಟ, ಬಿಡೋ" ಅಂತ ಅಮ್ಮ ಗದರಿದರು. ನಾನು ಮಹಾ ಬುದ್ಧಿವಂತ, "ಗಂಡು ಹುಡುಗ ಮಳೆಗೆ ಹೆದರ್ತಾನೇನೋ?" ಅಂತ ನಕ್ಕೆ. ಅವತ್ತಿನಿಂದ ನನ್ನ ಜೊತೆ ಮಾತೇ ಬಿಟ್ಟ.

ಅಜ್ಜಿ ಮಾತ್ರ ಏನೂ ಅನ್ನಲಿಲ್ಲ. ಪಕ್ಕದಲ್ಲಿ ಕೂತು ತಾನೂ ಪುಸ್ತಕ ಜೋಡಿಸಿದಳು. "ಈ ಮನೇಲಿ ಯಾರಿದ್ದಾರೆ ಮಗ?"

"ಟಾಮಿ."

ಅವರ ನಾಯಿ! ಚೈನು ಬಿಚ್ಚದೆ ಓಡಿ ಬಂದಿದ್ದರಂತೆ. ಸಂಜೆ ಕಟ್ಟಿಹಾಕಿದ್ದು ಇವನೇ. ನಾವೆಲ್ಲ ಅಷ್ಟು ದಿನ "ಮರೆತುಬಿಡು" ಅಂದಿದ್ದು ಇದನ್ನ...

"ನಿನ್ನ ತಪ್ಪಲ್ಲ ಮಗ, ದೊಡ್ಡವರಿಗೇ ತೋಚಲಿಲ್ಲ" ಅಂದಳು ಅಜ್ಜಿ. ಅವತ್ತು ಮೊದಲ ಸಲ ಜೋರಾಗಿ ಅತ್ತ.

ತಿಂಗಳು ಕಳೆದರೂ ಕೆಟ್ಟ ಕನಸು ನಿಲ್ಲದಿದ್ದಾಗ ಮನೋವೈದ್ಯರಿಗೆ ತೋರಿಸಿದೆವು. ಇಂಥ ಆಘಾತದ ನಂತರ ಮೊದಲ ಕೆಲವು ವಾರ ಹೀಗಾಗುವುದು ಸಹಜ, ತಿಂಗಳು ದಾಟಿದರೆ ಚಿಕಿತ್ಸೆ ಬೇಕಾಗಬಹುದು ಅಂದರು. ಮಾತಿನಲ್ಲಿ ಹೇಳಲಾಗದ್ದನ್ನು ಮಕ್ಕಳು ಆಟದಲ್ಲಿ ಹೇಳುತ್ತಾರಂತೆ. ಒತ್ತಾಯ ಮಾಡಿ ಹೇಳಿಸಬೇಡಿ, ಹೇಳಲು ಬಂದಾಗ ಬಾಯಿ ಮುಚ್ಚಿಸಬೇಡಿ. ಊಟ, ನಿದ್ದೆ, ಶಾಲೆ ಹೊತ್ತುಹೊತ್ತಿಗೆ ನಡೆಯಲಿ. ಟೀವಿಯಲ್ಲಿ ಗುಡ್ಡ ಕುಸಿಯುವುದನ್ನು ಮತ್ತೆ ಮತ್ತೆ ತೋರಿಸಬೇಡಿ. ಹಾಸಿಗೆ ಒದ್ದೆಯಾದರೆ ಬೈಯಬೇಡಿ. ಇಷ್ಟೇ. ಅರ್ಧದಷ್ಟನ್ನು ಅಜ್ಜಿ ಆಗಲೇ ಮಾಡಿದ್ದಳು!

ಆಗ ಯಾರನ್ನು ಕೇಳಬೇಕೆಂದೇ ನಮಗೆ ಗೊತ್ತಿರಲಿಲ್ಲ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಈಗಿದೆ: 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬರೆದಿಟ್ಟುಕೊಳ್ಳಿ.

ಹುಡುಗನಿಗೆ ಈಗ ಮೀಸೆ ಚಿಗುರಿದೆ. ಚೆನ್ನಾಗಿ ಓದುತ್ತಾನೆ, ಕ್ರಿಕೆಟ್ ಆಡುತ್ತಾನೆ. ಜೋರು ಮಳೆ ಬಂದರೆ ಮಾತ್ರ ಇವತ್ತಿಗೂ ನಿದ್ದೆ ಇಲ್ಲ.

"ಹೂಂ ಕಣೋ, ಇಲ್ಲೂ ಮಳೆ. ಹೆದರಿಕೆ ಆಗ್ತಿದೆಯಾ?" ಅಂದೆ.

"ಸ್ವಲ್ಪ."

ಮಳೆ ನಿಲ್ಲುವವರೆಗೂ ಮಾತಾಡಿದೆವು.