ಏರಿನಲ್ಲಿ ಬಂದ ಹೊಗೆ

ನಮ್ಮ ಕಾರಿಗೆ ಮೊನ್ನೆ 15 ವರ್ಷ ತುಂಬಿತು. ಡೀಸೆಲ್ ಕಾರು. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾಗುವ ಹೊತ್ತಿಗೆ ಕೊಂಡದ್ದು. ಮೊಮ್ಮಗಳು ಪುಟ್ಟಿಗಿಂತ ಅದು ಐದು ವರ್ಷ ದೊಡ್ಡದು. ಅದಕ್ಕೇ ಅವಳು ಅದನ್ನು 'ಅಣ್ಣ' ಎಂದು ಕರೆಯುತ್ತಾಳೆ. "ಅಣ್ಣನಿಗೆ ಡೀಸೆಲ್ ಹಾಕಿಸಿದ್ರಾ ತಾತ?" ಎಂದು ಕೇಳುವಾಗ ಬಂಕಿನ ಹುಡುಗರು ನಗುತ್ತಾರೆ.

15 ವರ್ಷವಾದ ಕಾರಿನ ಆರ್‌ಸಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕಾದರೆ ಹೊಗೆ ಪರೀಕ್ಷೆಯ ಚೀಟಿ ಬೇಕು. ನಮ್ಮ ಕಡೆ ಅದಕ್ಕೆ 'ಎಮಿಷನ್' ಎಂದೇ ಹೆಸರು. ಪುಟ್ಟಿಯ ಶಾಲೆಗೆ ಅಂದು ರಜೆ. ಬೆಳಿಗ್ಗೆ ಹತ್ತಕ್ಕೆಲ್ಲ ಇಬ್ಬರೂ ಚಾಮರಾಜನಗರದ ಒಂದು ಎಮಿಷನ್ ಅಂಗಡಿಯ ಮುಂದೆ ಅಣ್ಣನನ್ನು ನಿಲ್ಲಿಸಿದೆವು.

ಅಂಗಡಿಯ ಹುಡುಗ ಸೈಲೆನ್ಸರ್ ಕೊಳವೆಯೊಳಗೆ ಒಂದು ನಳಿಕೆ ತೂರಿಸಿದ. "ನ್ಯೂಟ್ರಲ್‌ನಲ್ಲೇ ಇರಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿ, ಬಿಡಿ" ಎಂದ. ಹಾಗೆ ನಾಲ್ಕೈದು ಸಲ ಒತ್ತಿ ಬಿಟ್ಟೆ. ಪುಟ್ಟಿ ಯಂತ್ರದ ಮುಂದೆ ಬಗ್ಗಿ ನಿಂತು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದಳು. ಅವನು ಬೇಸರಪಡದೆ ಹೇಳಿದ: ಹೊಗೆಯ ಒಂದು ಕಡೆಯಿಂದ ಬೆಳಕು ಬಿಡುತ್ತಾರೆ, ಇನ್ನೊಂದು ಕಡೆಗೆ ಎಷ್ಟು ಬೆಳಕು ತಲುಪಿತು ಎಂದು ಯಂತ್ರ ಅಳೆಯುತ್ತದೆ. ಹೊಗೆ ದಟ್ಟವಾದಷ್ಟೂ ಬೆಳಕು ಕಡಿಮೆ. ಪೆಟ್ರೋಲ್ ಗಾಡಿಯಾದರೆ ಎಂಜಿನ್ ಸುಮ್ಮನೆ ಗುರುಗುಡುತ್ತಿರುವಾಗ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ, ಸರಿಯಾಗಿ ಉರಿಯದೆ ಉಳಿದ ಹೈಡ್ರೋಕಾರ್ಬನ್ ಎಷ್ಟಿದೆ ಎಂದು ನೋಡುತ್ತಾರೆ. ಹತ್ತು ನಿಮಿಷದಲ್ಲಿ ಚೀಟಿ ಕೈಗೆ ಬಂತು. ಪಾಸು. "ಅಣ್ಣ ಪಾಸ್!" ಎಂದು ಪುಟ್ಟಿ ಬಾನೆಟ್ ಮೇಲೆ ತಟ್ಟಿದಳು. ಚೀಟಿಯನ್ನು ಮಡಚಿ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಗಣಪತಿ ಪಟದ ಹಿಂದೆ ಇಟ್ಟೆ.

ಮಧ್ಯಾಹ್ನ ಊಟವಾದ ಮೇಲೆ ಗುಂಡ್ಲುಪೇಟೆ ಕಡೆ ಹೊರಟೆವು. ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಷಡ್ಡಕನ ಮನೆಯ ಗೃಹಪ್ರವೇಶ ಮಾರನೆಯ ದಿನವಿತ್ತು. ಕಾರಿನಲ್ಲಿ ನಾನು, ನನ್ನ ಹೆಂಡತಿ, ಪುಟ್ಟಿ, ಜೊತೆಗೆ ಇಬ್ಬರು ನೆಂಟರು. ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ, ಒಂದು ಹಿತ್ತಾಳೆ ಕೊಳಗ, ಆರು ಕುಂಬಳಕಾಯಿ. ಬಿಸಿಲು ಜೋರಾಗಿತ್ತು, ಎಸಿ ಹಾಕಿದ್ದೆ. ತೆರಕಣಾಂಬಿ ದಾಟಿ, ಹುಲುಗನಮುರಡಿ ಬೆಟ್ಟ ಕಣ್ಣಿಗೆ ಬೀಳುವ ಕಡೆ ಹಳ್ಳಿಯ ದಾರಿಗೆ ತಿರುಗಿದೆವು. ಸ್ವಲ್ಪ ದೂರದಲ್ಲಿ ಒಂದು ಏರು. ಅಂಥ ದೊಡ್ಡದೇನಲ್ಲ, ಸೈಕಲ್ಲಿನವರು ಇಳಿದು ತಳ್ಳುವಷ್ಟು. ಶಾಲೆ ಬಿಟ್ಟ ಹೊತ್ತು, ಏಳೆಂಟು ಮಕ್ಕಳು ರಸ್ತೆಯಂಚಿನಲ್ಲಿ ನಡೆದು ಹೋಗುತ್ತಿದ್ದರು. ಅವರನ್ನು ದಾಟಿ ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಅಣ್ಣ ಏದುಸಿರು ಬಿಡುತ್ತಾ ಹತ್ತಿದ.

ಪುಟ್ಟಿ ಹಿಂದಿನ ಗಾಜಿನ ಕಡೆ ತಿರುಗಿ ಕೂತಿದ್ದಳು. ಮೊದಲು ಮಕ್ಕಳಿಗೆ ಕೈ ಬೀಸುತ್ತಿದ್ದವಳು ಕೈ ಇಳಿಸಿಬಿಟ್ಟಳು.

"ತಾತ, ಅದು ನಮ್ಮ ಗಾಡೀದಾ?"

ಕನ್ನಡಿಯಲ್ಲಿ ನೋಡಿದೆ. ಕರಿಯ ಹೊಗೆ ರಸ್ತೆಯ ಅಗಲಕ್ಕೂ ಹರಡಿತ್ತು. ಮಕ್ಕಳಲ್ಲಿ ಕೆಲವರು ಹೊಲದೊಳಕ್ಕೆ ಇಳಿದಿದ್ದರು. ಒಬ್ಬ ಪುಟ್ಟ ಹುಡುಗ ಮಾತ್ರ ಅಲ್ಲೇ ನಿಂತು ಅಂಗಿಯ ತುದಿಯನ್ನು ಮೂಗಿಗೆ ಒತ್ತಿಕೊಂಡು ಕೆಮ್ಮುತ್ತಿದ್ದ. ಗಾಡಿ ನಿಲ್ಲಿಸಿ ಇಳಿಯೋಣ ಅನ್ನಿಸಿತು. ಇಳಿದು ಏನು ಹೇಳುವುದು? ಜೇಬಿನಲ್ಲಿ ಪಾಸಾದ ಚೀಟಿ ಇದೆ ಎಂದೇ? ನಿಲ್ಲಿಸಲಿಲ್ಲ. ಪುಟ್ಟಿ ಮನೆ ಬರುವವರೆಗೂ ಮಾತಾಡಲಿಲ್ಲ.

ಗೃಹಪ್ರವೇಶ ಮುಗಿದ ಮೇಲೆ ನೇರವಾಗಿ ಗುಂಡ್ಲುಪೇಟೆಯಲ್ಲಿರುವ ನನ್ನ ಹಳೆಯ ಶಿಷ್ಯನ ಗ್ಯಾರೇಜಿಗೆ ಹೋದೆ. ಪುಟ್ಟಿಯೂ ಬಂದಳು. ಊಟಿಗೂ ವಯನಾಡಿಗೂ ಹೋಗುವ ದಾರಿಗಳು ಕವಲೊಡೆಯುವ ಊರದು. ಕಾಡಿನ ಏರು ತಗ್ಗಿನಲ್ಲಿ ಬಸವಳಿದ ಗಾಡಿಗಳನ್ನು ನೋಡೀ ನೋಡೀ ಅವನು ಪಳಗಿದ್ದಾನೆ. ಅವನು ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದ. ಒಂದು ಬೊಗಸೆ ಧೂಳು ಬಿತ್ತು. ಎಂಜಿನ್ನಿಗೆ ಕಿವಿಗೊಟ್ಟು, "ನಾಸಲ್ಲೂ ಹೋಗದ" ಎಂದ.

ನಾನು ಚೀಟಿ ತೋರಿಸಿದೆ. "ನೆನ್ನೆ ಬೆಳಿಗ್ಗೆ ತಾನೆ ಎಮಿಷನ್ ಪಾಸಾಗಿದೆಯಲ್ಲಪ್ಪ?"

ಅವನು ನಕ್ಕ. "ಎಮಿಷನ್ ಪಾಸಾಗದು ಬ್ಯಾರೆ, ಗಾಡಿ ಚೆಂದಾಗಿರದು ಬ್ಯಾರೆ. ಅಲ್ಲಿ ನಿಂತ್ಕಂಡು ಉಸುರು ಬುಡ್ತದ. ಇಲ್ಲಿ ಐದು ಜನಾನ ಹೊತ್ಕಂಡು ಏರು ಹತ್ತಬೇಕು. ಇನ್ಸ್‌ಪೆಕ್ಟ್ರು ಬಂದ ದಿನ ನನ್ನ ನೀರು ತರಾಕ ಕಳಿಸ್ತಿದ್ರಲ್ಲಾ, ಹಂಗೇ ಕನಿ ಮೇಷ್ಟ್ರೆ."

ಅವನು ತಮಾಷೆಗೇ ಹೇಳಿದ್ದು. ಗ್ಯಾರೇಜಿನ ಹುಡುಗರೂ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅದು ನಿಜ.

ಆಗ ನಾನು ಹೊಸ ಮೇಷ್ಟ್ರು. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಶಾಲೆ ನೋಡಲು ಬರುತ್ತಿದ್ದರು. ಬರುವ ದಿನ ಮೊದಲೇ ಗೊತ್ತಾಗುತ್ತಿತ್ತು. ಒಂದು ವಾರ ಒಂದೇ ಪಾಠವನ್ನು ಓದಿಸುತ್ತಿದ್ದೆ. ಚೆನ್ನಾಗಿ ಓದುವವರು ಮುಂದಿನ ಸಾಲಿಗೆ. ಅಕ್ಷರ ಕೂಡಿಸಲು ತಡವರಿಸುವ ಮೂರ್ನಾಲ್ಕು ಮಕ್ಕಳಿಗೆ ಬಿಂದಿಗೆ ಕೊಟ್ಟು, ದೂರದ ತೋಟದ ಬಾವಿಯಿಂದ ನೀರು ತನ್ನಿ ಎಂದು ಕಳಿಸುತ್ತಿದ್ದೆ. ವರದಿಯಲ್ಲಿ 'ತೃಪ್ತಿಕರ' ಎಂದು ಬರುತ್ತಿತ್ತು. ಇನ್ಸ್‌ಪೆಕ್ಟರು ಸುಳ್ಳು ಬರೆಯಲಿಲ್ಲ, ಮಕ್ಕಳೂ ಸುಳ್ಳು ಓದಲಿಲ್ಲ. ಆದರೂ ಆ ಶಾಲೆ ಉಳಿದ ದಿನಗಳಲ್ಲಿ ಹೇಗಿತ್ತು ಎಂಬುದು ಆ ವರದಿಯಲ್ಲಿರಲಿಲ್ಲ. ನೀರು ಹೊತ್ತವನಿಗೆ ಅದು ನಲವತ್ತು ವರ್ಷವಾದರೂ ನೆನಪಿದೆ. ನಾನೇ ಮರೆತಿದ್ದೆ.

ಬರುವಾಗ ದಾರಿಯಲ್ಲಿ ಪುಟ್ಟಿ ಕೇಳಿದಳು: "ತಾತ, ಕಾರು ಮಾಡೋ ಕಂಪನಿಯವರೂ ಹಾಗೆ ನೀರು ತರೋಕೆ ಕಳಿಸ್ತಾರಾ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಅದರಲ್ಲಿ ನಮ್ಮ ಬೆಂಗಳೂರಿನವರೊಬ್ಬರೂ ಬರುತ್ತಾರೆ.

ಹೊಸ ಮಾದರಿಯ ಕಾರು ಮಾರಾಟಕ್ಕೆ ಬರುವ ಮುಂಚೆ ಅದಕ್ಕೆ ದೊಡ್ಡ ಪರೀಕ್ಷೆ ಇರುತ್ತದೆ. ನಮ್ಮ ದೇಶದಲ್ಲಿ ಅದನ್ನು ನಡೆಸುವ ಸಂಸ್ಥೆಗಳಲ್ಲಿ ಪುಣೆಯ ಎಆರ್‌ಎಐ ಹೆಸರಾದದ್ದು. ಅಲ್ಲಿ ಕಾರು ಊರು ಸುತ್ತುವುದಿಲ್ಲ. ಚಕ್ರಗಳು ಉರುಳೆಗಳ ಮೇಲೆ ತಿರುಗುತ್ತವೆ, ಕಾರು ಇದ್ದಲ್ಲೇ ಇರುತ್ತದೆ. ಪರದೆಯ ಮೇಲೆ ಬರುವ ಗೆರೆಯಂತೆ ಚಾಲಕ ವೇಗ ಹೆಚ್ಚಿಸಬೇಕು, ಇಳಿಸಬೇಕು. ನಮ್ಮಲ್ಲಿ ಬಹುಕಾಲ ನಡೆದ ಪರೀಕ್ಷೆ ಸುಮಾರು 20 ನಿಮಿಷದ್ದು, ಅದರಲ್ಲಿ ಅತಿ ಹೆಚ್ಚಿನ ವೇಗ ಗಂಟೆಗೆ 90 ಕಿಲೋಮೀಟರ್. ಅಲ್ಲಿ ಏರಿಲ್ಲ, ಗುಂಡಿಯಿಲ್ಲ, ಎದುರುಗಾಳಿಯಿಲ್ಲ, ಡಿಕ್ಕಿಯಲ್ಲಿ ಕುಂಬಳಕಾಯಿಯಿಲ್ಲ. ಕಂಪನಿಯವರು ಹೇಳುವ ಮೈಲೇಜು ಬರುವುದೂ ಅಲ್ಲಿಂದಲೇ. ನಮ್ಮ ಕಾರಿಗೆ 20 ಎಂದಿದ್ದರು. ನನ್ನ ಡೀಸೆಲ್ ಲೆಕ್ಕದ ನೋಟ್‌ಬುಕ್ಕಿನಲ್ಲಿ 15 ದಾಟಿದ ತಿಂಗಳು ಕಡಿಮೆ. ಇದರಲ್ಲಿ ಮೋಸವಿಲ್ಲ, ಕೊಠಡಿಗೂ ರಸ್ತೆಗೂ ಇರುವ ವ್ಯತ್ಯಾಸ ಅಷ್ಟೇ.

ಮೋಸ ಬೇರೆ ಕಡೆ ನಡೆಯಿತು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡಕ್ಕೆ ಡೀಸೆಲ್ ಕಾರುಗಳನ್ನು ರಸ್ತೆಯ ಮೇಲೇ ಓಡಿಸಿ ಹೊಗೆ ಅಳೆಯುವ ಕೆಲಸ ಬಂತು. ಆ ತಂಡದಲ್ಲಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು ಬೆಂಗಳೂರಿನ ಹೇಮಂತ್ ಕಪ್ಪಣ್ಣ. ಅವರು ಕಳ್ಳನನ್ನು ಹಿಡಿಯಲು ಹೊರಟವರಲ್ಲ. ಕೆಲಸ ಕೊಟ್ಟ ಸಂಸ್ಥೆಗೆ ಬೇಕಿದ್ದದ್ದು, ಅಮೆರಿಕದ ಕಟ್ಟುನಿಟ್ಟಿನ ನಿಯಮಕ್ಕೆ ತಕ್ಕಂತೆ ಡೀಸೆಲ್ ಕಾರನ್ನು ಶುದ್ಧವಾಗಿ ಓಡಿಸಬಹುದು ಎಂಬುದಕ್ಕೆ ಸಾಕ್ಷಿ. ಅಳೆಯುವ ಯಂತ್ರವನ್ನು ಡಿಕ್ಕಿಯಲ್ಲಿ ಕೂರಿಸಿದರು, ಅದಕ್ಕೆ ಕರೆಂಟು ಕೊಡಲು ಒಂದು ಜನರೇಟರ್. ಹೀಗೆ ಮೂರು ಕಾರುಗಳನ್ನು 2013ರಲ್ಲಿ ಕ್ಯಾಲಿಫೋರ್ನಿಯಾದ ಪೇಟೆಯಲ್ಲಿ, ಹೆದ್ದಾರಿಯಲ್ಲಿ, ಬೆಟ್ಟದ ದಾರಿಯಲ್ಲಿ ಓಡಿಸಿದರು. ಒಂದನ್ನು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಕೊಂಡೊಯ್ದರು.

ಎರಡು ಫೋಕ್ಸ್‌ವ್ಯಾಗನ್ ಕಾರುಗಳ ಲೆಕ್ಕ ಎಲ್ಲೂ ಸರಿಹೊಂದಲಿಲ್ಲ. ಕೊಠಡಿಯ ಪರೀಕ್ಷೆಯಲ್ಲಿ ಅವು ಸಲೀಸಾಗಿ ಪಾಸು. ರಸ್ತೆಯಲ್ಲಿ ಮಾತ್ರ ಜೆಟ್ಟಾ ಎಂಬ ಕಾರು ನೈಟ್ರೋಜನ್ ಆಕ್ಸೈಡ್ ಎಂಬ ಅನಿಲವನ್ನು ಮಿತಿಯ 15ರಿಂದ 35 ಪಟ್ಟು ಹೊರಹಾಕುತ್ತಿತ್ತು. ಪಸಾಟ್ ಎಂಬುದು 5ರಿಂದ 20 ಪಟ್ಟು. ಮೊದಲು ತಮ್ಮ ಯಂತ್ರವೇ ಕೆಟ್ಟಿರಬೇಕು ಎಂದುಕೊಂಡು ಮತ್ತೆ ಮತ್ತೆ ತಪಾಸಣೆ ಮಾಡಿದರಂತೆ. ಮೂರನೆಯ ಕಾರು, ಬೇರೆ ಕಂಪನಿಯದು, ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಅವರ ವರದಿ 2014ರಲ್ಲಿ ಹೊರಬಂತು. ಸರ್ಕಾರದ ಅಧಿಕಾರಿಗಳು ಬೆನ್ನುಬಿದ್ದರು. 2015ರ ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಕಾರಿನ ಕಂಪ್ಯೂಟರಿನಲ್ಲೇ ಒಂದು ತಂತ್ರವಿತ್ತು. ಚಕ್ರ ತಿರುಗುತ್ತಿದೆ, ಸ್ಟೀರಿಂಗ್ ಅಲುಗುತ್ತಿಲ್ಲ, ವೇಗ ಪಾಠ ಒಪ್ಪಿಸಿದ ಹಾಗೆ ಏರಿಳಿಯುತ್ತಿದೆ ಎಂದರೆ 'ಇದು ಪರೀಕ್ಷೆ' ಎಂದು ಅದಕ್ಕೆ ತಿಳಿಯುತ್ತಿತ್ತು. ಕೂಡಲೇ ಹೊಗೆ ಶುದ್ಧ ಮಾಡುವ ವ್ಯವಸ್ಥೆಯನ್ನು ಪೂರ್ತಿ ನಡೆಸುತ್ತಿತ್ತು. ರಸ್ತೆಗೆ ಬಂದರೆ ಅದನ್ನು ತಗ್ಗಿಸಿಬಿಡುತ್ತಿತ್ತು. ಪ್ರಪಂಚದಲ್ಲಿ ಅಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಆ ಡಿಸೆಂಬರಿನಲ್ಲಿ ಭಾರತದಲ್ಲೂ 3 ಲಕ್ಷ 23 ಸಾವಿರಕ್ಕಿಂತ ಹೆಚ್ಚು ಕಾರುಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಸುವುದಾಗಿ ಕಂಪನಿ ಹೇಳಬೇಕಾಯಿತು.

"ಇನ್ಸ್‌ಪೆಕ್ಟರ್ ಬಂದಾಗ ಮಾತ್ರ ಓದೋದು!" ಎಂದಳು ಪುಟ್ಟಿ. ಆಮೇಲೆ, "ಕಂಡುಹಿಡಿದವರಿಗೆ ಬಹುಮಾನ ಬಂತಾ ತಾತ?"

ತಂಡದ ಮುಖ್ಯಸ್ಥ ಡ್ಯಾನ್ ಕಾರ್ಡರ್ ಅವರ ಹೆಸರು ಟೈಮ್ ಪತ್ರಿಕೆಯ 2016ರ 100 ಪ್ರಭಾವಿಗಳ ಪಟ್ಟಿಯಲ್ಲಿ ಬಂತು. ಹೇಮಂತ್ ಅಲ್ಲಿನ ಇನ್ನೊಂದು ಕಾರು ಕಂಪನಿಗೆ ಸೇರಿದ್ದರು. 2019ರಲ್ಲಿ ಆ ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ತೆಗೆದಾಗ ಅವರಲ್ಲಿ ಇವರೂ ಒಬ್ಬರು. ಇದನ್ನು ಕೇಳಿ ಪುಟ್ಟಿಗೆ ಸಿಟ್ಟು ಬಂತು. ನನಗೆ ಅವಳ ಸಿಟ್ಟು ಇಷ್ಟವಾಯಿತು.

ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತು. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 0.25 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು, ಅದು 0.08 ಗ್ರಾಂಗೆ ಇಳಿಯಿತು. 2023ರ ಏಪ್ರಿಲ್ 1ರಿಂದ ಹೊಸ ಕಾರುಗಳಿಗೆ ಅಳೆಯುವ ಯಂತ್ರ ಕಟ್ಟಿ ರಸ್ತೆಯಲ್ಲೇ ಓಡಿಸಿ ನೋಡುವ ಪರೀಕ್ಷೆಯೂ ಕಡ್ಡಾಯ. ಆ ಹುಡುಗರು ಡಿಕ್ಕಿಯಲ್ಲಿಟ್ಟುಕೊಂಡು ಹೋದಂಥದೇ ಯಂತ್ರ. ನಮ್ಮ ಅಣ್ಣನಂಥ ಹಳೆಯ ಗಾಡಿಗಳಿಗೆ ಮಾತ್ರ ಈಗಲೂ ನಿಂತಲ್ಲೇ ಪರೀಕ್ಷೆ. ಅದರಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯುವುದೂ ಇಲ್ಲ. ಹಾಗೆಂದು ಎಮಿಷನ್ ಅಂಗಡಿಯನ್ನು ನಾನು ಹಳಿಯುವುದಿಲ್ಲ. ತೀರಾ ಕೆಟ್ಟ ಎಂಜಿನ್ನು ಅಲ್ಲಿ ಸಿಕ್ಕಿಬೀಳುತ್ತದೆ. ಎರಡು ವರ್ಷದ ಹಿಂದೆ ನನಗೆ ಎದೆನೋವು ಬಂದಾಗ ಮಲಗಿಸಿ ತೆಗೆದ ಇಸಿಜಿ ಸರಿಯಾಗಿಯೇ ಇತ್ತು. ಡಾಕ್ಟರು ಅಷ್ಟಕ್ಕೇ ಬಿಡದೆ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದ್ದರಿಂದ ತೊಂದರೆ ಗೊತ್ತಾಯಿತು. ಅಜ್ಜ ಅಜ್ಜಿಯರಿಗೆ ಇದನ್ನು ವಿವರಿಸಬೇಕಿಲ್ಲ. ಮಕ್ಕಳು ಕೂತು ಒಂದು ನಿಮಿಷದ ಉಸಿರು ಎಣಿಸಿ, ಮೆಟ್ಟಿಲು ಹತ್ತಿ ಬಂದು ಮತ್ತೆ ಎಣಿಸಿ ನೋಡಲಿ.

ಹದಿನೈದು ದಿನದ ಮೇಲೆ ನಾಸಲ್ಲು, ಫಿಲ್ಟರ್ ಎಲ್ಲ ಹೊಸದಾಯಿತು. ಖರ್ಚು ಕೇಳಿ ನನ್ನ ಹೆಂಡತಿ, "ಇಷ್ಟರಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಓಡಾಡಬಹುದಿತ್ತು" ಎಂದಳು. ಮಗ ಫೋನಿನಲ್ಲಿ, "ಮಾರಿಬಿಡಿ ಅಪ್ಪ" ಎಂದ. ಮಾರಿದರೆ ಹೊಗೆ ಬೇರೆ ಯಾವುದೋ ಊರಿನ ಏರಿನಲ್ಲಿ ಬೇರೆ ಯಾರದೋ ಮಕ್ಕಳ ಮೂಗಿಗೆ ಹೋಗುತ್ತದೆ, ಅಷ್ಟೇ. ಗುಜರಿಗೆ ಹಾಕೋಣ ಎಂದರೆ ಹೆಂಡತಿಯನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅದೇ ಬೇಕು. ಆರ್‌ಸಿ ಅರ್ಜಿ ಇನ್ನೂ ಮೇಜಿನ ಮೇಲಿದೆ.

ಅಷ್ಟರಲ್ಲಿ ಪುಟ್ಟಿ, ತಾನೇ ಒಂದು ಪರೀಕ್ಷೆ ಮಾಡುತ್ತೇನೆ ಎಂದಳು. ಒಂದು ಭಾನುವಾರ ಅದೇ ಏರಿಗೆ ಹೋದೆವು. ಷಡ್ಡಕನ ಮನೆಯಿಂದ ನಾಲ್ಕು ಮೂಟೆ ಅರಿಸಿನ ತಂದು ಡಿಕ್ಕಿಗೂ ಹಿಂದಿನ ಸೀಟಿಗೂ ತುಂಬಿದೆವು. ಗ್ಯಾರೇಜಿನ ಶಿಷ್ಯನೂ ಬಂದಿದ್ದ. ಪುಟ್ಟಿ ಅವನ ಕೈ ಹಿಡಿದು, ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ನಿಂತಳು. ನಾನು ಮೂರು ಸಲ ಹತ್ತಿ ಇಳಿದೆ. ಮೂರನೆಯ ಸಲ ಎಸಿ ಹಾಕಿಕೊಂಡು ಹತ್ತಬೇಕೆಂದು ಅವಳ ಆಜ್ಞೆ. ಈ ಸಲ ಕರಿ ಹೊಗೆಯಿಲ್ಲ, ತೆಳ್ಳಗೆ ಬೂದಿ ಬಣ್ಣ.

"ಆ ನೈಟ್ರೋಜನ್ ಅನಿಲ ಯಾವ ಬಣ್ಣ ತಾತ?"

"ಹೊಗೆಯಲ್ಲಿ ಅದು ನಮ್ಮ ಕಣ್ಣಿಗೆ ಕಾಣಲ್ಲ ಪುಟ್ಟಿ."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಶಿಷ್ಯನ ಕಡೆ ನೋಡಿದಳು. ಅವನೂ ಏನೂ ಹೇಳಲಿಲ್ಲ. ನನ್ನ ಡೀಸೆಲ್ ಲೆಕ್ಕದ ನೋಟ್‌ಬುಕ್ಕು ತೆರೆದು ಬದುವಿನ ಮೇಲೇ ಕೂತು ಬರೆದಳು. ಮನೆಗೆ ಬಂದ ಮೇಲೆ ನೋಡಿದೆ:

'ಅಣ್ಣ. ನಿಂತಾಗ ಪಾಸು. ಏರಿನಲ್ಲಿ ನೂರಕ್ಕೆ 60. ಕಾಣದ ಹೊಗೆ: ಗೊತ್ತಿಲ್ಲ. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ.'