ಅತ್ತೆಯ ಜೊತೆ ನಗರಕ್ಕೆ, ಕೊಡಚಾದ್ರಿಗೆ

ಸಂಕ್ರಾಂತಿ ಕಳೆದ ಮೇಲೆ ನಗರಕ್ಕೆ ಹೋಗಿದ್ದೆವು ಎಂದರೆ ಪಕ್ಕದ ಮನೆಯವರು, “ಯಾವ ನಗರ? ಶಿವಮೊಗ್ಗವೋ, ಬೆಂಗಳೂರೋ?” ಎಂದು ಕೇಳಿದರು. ನೀವೂ ಹಾಗೇ ಕೇಳುತ್ತೀರೇನೋ. ನಾನು ಹೇಳುತ್ತಿರುವುದು ಹೊಸನಗರ ತಾಲ್ಲೂಕಿನ ಒಂದು ಊರು, ಅದರ ಹೆಸರೇ ನಗರ. ಈಗ ಅದೊಂದು ಸಣ್ಣ ಪೇಟೆ. ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ, ಬಿದನೂರು.

ನಾವು ಹೊರಟಿದ್ದು ಅತ್ತೆಯವರಿಗಾಗಿ. ಅವರಿಗೆ ಎಪ್ಪತ್ತು ದಾಟಿದೆ. ಅವರ ತವರು ಶರಾವತಿ ದಂಡೆಯ ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ತೋಟ, ಗದ್ದೆ ಎಲ್ಲ ಒಳಗೆ ಹೋಯಿತು. ಆಗ ಅವರು ಲಂಗ ಉಡುವ ಹುಡುಗಿ. ಮುಂದೆ ಮದುವೆಯಾಗಿ ನಮ್ಮ ಅಂಬ್ಲಿಗೊಳಕ್ಕೆ ಬಂದರು. ಇಲ್ಲೂ ಜಲಾಶಯ ಇದೆ. ಯಾರಾದರೂ ನೆಂಟರು ಬಂದರೆ ನಾವೆಲ್ಲ ಸಂಜೆ ಅತ್ತ ಹೋಗಿ ಬರುತ್ತೇವೆ, ಅತ್ತೆ ಮಾತ್ರ ಬರುವುದಿಲ್ಲ. “ನಿಂತ ನೀರು ನೋಡೋಕೆ ನನಗಾಗಲ್ಲ ಕಣೇ” ಅಂತಾರೆ. ಕರೆಂಟು ಹೋಯಿತೆಂದು ನಾನು ಮಿಕ್ಸಿ ಮುಂದೆ ಗೊಣಗಿದರೆ, “ನಮ್ಮಪ್ಪನ ಗದ್ದೆ ಮುಳುಗಿಸಿ ಮಾಡಿದ ಕರೆಂಟು, ಸ್ವಲ್ಪ ಕಾಯಿ” ಎಂದು ನಗುತ್ತಾರೆ. ನಮಗೆಲ್ಲ ಹಬ್ಬಕ್ಕೊಂದು ತವರಿದೆ. ಅವರಿಗೆ ಹೋಗಲು ಊರೇ ಇಲ್ಲ. ಆ ನೋವು ನನಗೆ ತಿಳಿಯುವ ಹೊತ್ತಿಗೆ ಮದುವೆಯಾಗಿ ಇಪ್ಪತ್ತು ವರ್ಷ ಕಳೆದಿತ್ತು. ಈ ಸಲ ಅವರೇ ಬಾಯಿಬಿಟ್ಟು ಕೇಳಿದರು: “ಮಂಡಿ ಪೂರ್ತಿ ಕೈಕೊಡೋ ಮೊದಲು ಒಂದ್ಸಲ ನಗರ ನೋಡ್ಬೇಕು, ಕೊಡಚಾದ್ರಿ ಹತ್ತಬೇಕು.”

ಬೆಳಗಿನ ಜಾವ ಅಕ್ಕಿರೊಟ್ಟಿ ತಟ್ಟಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಹೊರಟೆವು. ಆನಂದಪುರ, ರಿಪ್ಪನ್‌ಪೇಟೆ, ಹೊಸನಗರದ ಮೇಲೆ ದಾರಿ. ಮಿಡಿಮಾವಿನ ಕಾಲವಾಗಿದ್ದರೆ ರಿಪ್ಪನ್‌ಪೇಟೆಯಲ್ಲಿ ಇಳಿಯದೆ ನಾನು ಮುಂದೆ ಹೋಗುತ್ತಲೇ ಇರಲಿಲ್ಲ!

ನಗರದ ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ಕಪ್ಪು ಕಲ್ಲಿನ ಗೋಡೆ, ಸುತ್ತ ಕಂದಕ. ಒಳಗೆ ಹತ್ತಿ ಹೋದರೆ ದರ್ಬಾರು ನಡೆಯುತ್ತಿದ್ದ ಜಾಗದ ಅಡಿಪಾಯ, ಜೋಡಿಯಾಗಿರುವ ಅಕ್ಕ-ತಂಗಿ ಕೊಳ. ಬಿದಿರು ಬೆಳೆದ ಊರಾದ್ದರಿಂದ ಬಿದಿರೂರು, ಅದೇ ಬಿದನೂರು ಆಯಿತಂತೆ. ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯಿಂದ ರಾಜಧಾನಿ ಇಲ್ಲಿಗೆ ಬಂತು. ಶಿವಪ್ಪನಾಯಕನ ಕಾಲಕ್ಕೆ ದೊಡ್ಡ ಪಟ್ಟಣವಾಯಿತು. ಶಾಲೆಯಲ್ಲಿ ‘ಶಿವಪ್ಪನಾಯಕನ ಶಿಸ್ತು’ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಗದ್ದೆಯ ಹುಟ್ಟುವಳಿ ನೋಡಿ ಕಂದಾಯ ಕಟ್ಟಿದ ಪದ್ಧತಿ, ಅದು ಈ ಅರಸನದೇ. ಔರಂಗಜೇಬನ ಸೈನ್ಯಕ್ಕೆ ಹೆದರದೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮ ಈ ಮನೆತನದ ರಾಣಿ. ಅವಳ ಹೆಸರು ಎಲ್ಲರಿಗೂ ಗೊತ್ತು.

ನನಗೆ ಅಲ್ಲಿ ನೆನಪಾದವಳು ವೀರಮ್ಮಾಜಿ. 1763ರಲ್ಲಿ ಹೈದರಾಲಿ ಮೇಲೆ ಬಿದ್ದಾಗ ಅವಳು ಅರಮನೆಗೆ ಬೆಂಕಿ ಇಡಿಸಿ ಊರು ಬಿಟ್ಟಳಂತೆ. ಸಿಕ್ಕಿಬಿದ್ದು ಮಧುಗಿರಿ ಕೋಟೆಯಲ್ಲಿ ಸೆರೆಯಾದಳು. ಊರು ಹೈದರ್‌ನಗರವಾಯಿತು, ಆಮೇಲೆ ಬರೀ ನಗರ. ಇದನ್ನು ಅತ್ತೆಗೆ ಹೇಳಿದೆ. ಅವರು ಕೊಳದ ಮೆಟ್ಟಿಲ ಮೇಲೆ ಕೂತಿದ್ದರು. “ಅವಳಾದ್ರೂ ತಾನೇ ಬೆಂಕಿ ಇಟ್ಟು ಹೋದ್ಲು. ನಮ್ಮವ್ವ ಮನೆ ಸಾರಿಸಿ, ಹೊಸಿಲಿಗೆ ರಂಗೋಲಿ ಹಾಕಿ ಬಂದ್ಲು” ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ, ರೊಟ್ಟಿ ಬಿಚ್ಚಿ ಕೊಟ್ಟೆ.

ಅಲ್ಲಿಗೆ ಹತ್ತಿರದಲ್ಲೇ ದೇವಗಂಗೆ. ಅರಸರ ಕಾಲದ ಕಲ್ಲಿನ ಕೊಳಗಳು, ಬೆಟ್ಟದ ನೀರು ತಾನಾಗಿ ಹರಿದು ಬರುತ್ತದೆ. ಇದನ್ನು ತಪ್ಪಿಸಬೇಡಿ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಗಾಡಿಯಲ್ಲಿ ಬಂದು ಇಲ್ಲಿ ಕಾಲು ತೊಳೆದಿದ್ದರಂತೆ ಅತ್ತೆ. ಈಗಲೂ ಸೀರೆ ಎತ್ತಿ ಕಟ್ಟಿ ಕಾಲು ಇಳಿಬಿಟ್ಟು ಕೂತರು. ಎಬ್ಬಿಸುವುದೇ ಕಷ್ಟವಾಯಿತು.

ಕೊಡಚಾದ್ರಿಗೆ ನಿಟ್ಟೂರಿನಿಂದ ಜೀಪು ಮಾಡಿದೆವು. ಆ ದಾರಿಯನ್ನು ರಸ್ತೆ ಎನ್ನುವ ಹಾಗಿಲ್ಲ. ಹೊಟ್ಟೆ ತುಂಬ ಉಂಡು ಹತ್ತಬೇಡಿ, ಬಾಯಿಗೊಂದು ನಿಂಬೆಹುಳಿ ಪೆಪ್ಪರಮೆಂಟು ಇರಲಿ. ಮಳೆಗಾಲದಲ್ಲಿ ಇಂಬಳದ ಕಾಟ. ಬೆಟ್ಟ 1343 ಮೀಟರು ಎತ್ತರ. ಜೀಪು ಮೂಲ ಮೂಕಾಂಬಿಕೆಯ ಗುಡಿಯ ತನಕ ಹೋಗುತ್ತದೆ. ಗುಡಿಯ ಎದುರು ಉದ್ದನೆಯ ಕಬ್ಬಿಣದ ಕಂಬ, ಮಲೆನಾಡಿನ ಮಳೆಗೆ ನೆಂದು ನೆಂದೂ ಗಟ್ಟಿಯಾಗಿ ನಿಂತಿದೆ.

ಅಲ್ಲಿಂದ ಶಂಕರಾಚಾರ್ಯರು ತಪಸ್ಸು ಮಾಡಿದರೆನ್ನುವ ಸರ್ವಜ್ಞಪೀಠಕ್ಕೆ ಎರಡು ಕಿಲೋಮೀಟರಿನಷ್ಟು ನಡೆಯಬೇಕು. ನಮ್ಮ ಯಜಮಾನರು, “ಅವ್ವ, ನೀನಿಲ್ಲೇ ಕೂತಿರು, ನಾವು ಹೋಗಿಬರ್ತೀವಿ” ಅಂದರು. ಅತ್ತೆ ಉತ್ತರ ಕೊಡದೆ ಕೋಲು ಹಿಡಿದು ಮುಂದೆ ನಡೆದರು. ಹತ್ತು ಹೆಜ್ಜೆಗೊಮ್ಮೆ ನಿಂತರು, ಎರಡು ಕಡೆ ಕೂತರು. ಒಂದು ಕಡೆ ನನ್ನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡಾಗ ಕೈ ನಡುಗುತ್ತಿತ್ತು. ವಾಪಸು ಹೋಗೋಣ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆ ಹತ್ತಿಯೇ ಬಿಟ್ಟರು.

ಮೇಲೆ ಕಲ್ಲಿನ ಪುಟ್ಟ ಗುಡಿ, ಸುಯ್ಯೆಂದು ಗಾಳಿ. ಬಂದವರೆಲ್ಲ ಪಡುವಣಕ್ಕೆ ತಿರುಗಿ ಸಮುದ್ರ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಅತ್ತೆ ಮಾತ್ರ ಬೆನ್ನು ತಿರುಗಿಸಿ ಇನ್ನೊಂದು ಕಡೆ ನೋಡುತ್ತಾ ನಿಂತರು. ಕಾಡಿನ ಆಚೆ, ದೂರದಲ್ಲಿ ಶರಾವತಿಯ ಹಿನ್ನೀರು ಬೆಳ್ಳಗೆ ಹರಡಿತ್ತು. ಬೆರಳು ನೀಡಿ, “ಅಲ್ಲಿ, ಆ ಗುಡ್ಡದ ಬುಡದಲ್ಲಿ” ಅಂದರು. ನನಗೆ ಕಂಡಿದ್ದು ನೀರೇ. ಅವರು ತೋಟ, ಹೊಳೆದಂಡೆಯ ಅಪ್ಪೆಮಿಡಿ ಮರ, ಬಾವಿ ಎಂದು ಒಂದೊಂದಾಗಿ ತೋರಿಸುತ್ತಾ ಹೋದರು. ನಿಂತ ನೀರನ್ನು ಅವರು ಅಷ್ಟು ಹೊತ್ತು ನೋಡಿದ್ದು ನಾನು ಕಂಡಂತೆ ಅದೇ ಮೊದಲು.

ಮಾರನೆಯ ದಿನ ಮಂಡಿ ಊದಿಕೊಂಡಿತು. ಲಕ್ಕಿಸೊಪ್ಪು ಬಿಸಿಮಾಡಿ ಶಾಖ ಕೊಡುತ್ತಾ ಇನ್ನು ಬೆಟ್ಟದ ಸುದ್ದಿ ಎತ್ತಬೇಡಿ ಎಂದು ಬೈದೆ. “ಬೆಟ್ಟ ಬೇಡ. ಬೇಸಿಗೇಲಿ ನೀರು ಇಳಿದಾಗ ಬಾವಿ ಕಟ್ಟೆ ಕಾಣ್ತದಂತೆ, ಏಪ್ರಿಲ್‌ನಲ್ಲಿ ಹೋಗಣ” ಅಂದರು. ಯಜಮಾನರಿಗೆ ಇನ್ನೂ ಹೇಳಿಲ್ಲ.